ಫ್ಲಾಪಿ ಓದುವವರೆಗೆ ಒಂದಿಷ್ಟು ಮಾತು

ಈ ಅಂಗಳದಲ್ಲಿ ಸೇರಿದ ಹಿರಿಯರಿಗೆ, ವಾದ್ಯದ ಗೆಳೆಯರಿಗೆ, ಸಾರವಾಡದಿಂದ ಬಸ್ಸು ಹಿಡಿದು ಬಂದ ಹಲಗಿ ಬಡಿಯುವ ಮೇಳದವರಿಗೆ — ಶರಣು, ಸಲಾಮು. ಪರದೆಯಾಚೆ ಕುಳಿತಿರುವ ನಮ್ಮ ರಾಜಬಿ ವೈನಿಯವರಿಗೆ ಕೈಮುಗಿಯುತ್ತೇನೆ. ಗಂಡ, ನಮ್ಮ ಯುನುಸ ಮಾಸ್ತರ, ತೀರಿಕೊಂಡ ಮೇಲಿನ ಇದ್ದತ್ತಿನ ದಿನಗಳಲ್ಲಿ ಅವರು ಹೊರಗೆ ಬರುವಂತಿಲ್ಲ. ಅದಕ್ಕೇ ಈ ಸಭೆಯನ್ನು ಹಾಲ್ ಬಿಟ್ಟು ಜಲನಗರದ ಈ ಮನೆಯ ಮುಂದೆಯೇ ಇಟ್ಟೆವು.

ನಾನು ಸಿದ್ದರಾಮ, ನಮ್ಮ ಆರ್ಕೆಸ್ಟ್ರಾದ ನಿರೂಪಕ. ವೇದಿಕೆಯಲ್ಲಿ ಮಾಸ್ತರ ವಾದ್ಯದೊಂದಿಗೆ ಹಿಂದೆ, ನಾನು ಮೈಕು ಹಿಡಿದು ಮುಂದೆ — ವರ್ಷಗಟ್ಟಲೆ ಹೀಗೇ ನಿಂತೆವು. ನನ್ನ ನಿಜವಾದ ಕೆಲಸ ಏನಿತ್ತು ಗೊತ್ತೇ? ಅಗೋ, ಆ ಮೇಜಿನ ಮೇಲಿದೆಯಲ್ಲ, ಆ ಹಳೇ ಸ್ಯಾಂಪ್ಲರು — ಅದು ಫ್ಲಾಪಿ ಓದುವವರೆಗೆ ಮಾತಾಡುವುದು. ಈಗಲೂ ಅದನ್ನೇ ಮಾಡುತ್ತಿದ್ದೇನೆ. ಮಾಸ್ತರರ ಮಗಳು ಶಮಾ ಅದರ ಮುಂದೆ ಕುಳಿತಿದ್ದಾಳೆ, ನೋಡಿ.

ತಿಳಿಯದವರಿಗೆ ಹೇಳುತ್ತೇನೆ. ಅದು ಯಾವ ಸಪ್ಪಳವನ್ನಾದರೂ ಕೇಳಿಸಿಕೊಂಡು ಕೆಲವೇ ಸೆಕೆಂಡು ಹಿಡಿದಿಡುತ್ತದೆ. ಕೀ ಒತ್ತಿದರೆ ಅದೇ ಸಪ್ಪಳ — ಕೆಳಗಿನ ಕೀ ಒತ್ತಿದರೆ ದಪ್ಪ, ಮೇಲಿನದನ್ನು ಒತ್ತಿದರೆ ಸಣ್ಣ. ಆದರೆ ಕರೆಂಟು ಹೋಯಿತೋ, ಎಲ್ಲ ಮರೆತು ಕೂರುತ್ತದೆ. ಮತ್ತೆ ಆ ಸಪ್ಪಳ ತುಂಬಿಟ್ಟ ಫ್ಲಾಪಿ ಡಿಸ್ಕನ್ನು ಹಾಕಬೇಕು, ಅದು ಕರ್ ಕರ್ ಎನ್ನುತ್ತಾ ಓದಬೇಕು. ತಿಕೋಟಾದ ಒಂದು ಮದುವೆಯಲ್ಲಿ ನನ್ನ ನಗೆಮಾತೆಲ್ಲ ಮುಗಿದು, ಬೀಗರನ್ನು ಹೊಗಳಿ, ಅಡಿಗೆಯವನನ್ನು ಹೊಗಳಿ, ಅಡಿಗೆಯವನ ಊರನ್ನೂ ಹೊಗಳಿದೆ. ಇನ್ನೂ ಓದುತ್ತಲೇ ಇತ್ತು. ಓದಿದ ಮೇಲೆ ಮಾಸ್ತರ ಬೆರಳೆತ್ತುತ್ತಿದ್ದರು. ಮಾತು ಎಲ್ಲಿದ್ದರೆ ಅಲ್ಲಿಗೇ ನಾನು ಬಾಯಿ ಮುಚ್ಚಬೇಕು.

ಲ್ಯಾಪ್‌ಟಾಪ್ ತೆಗೆದುಕೊಳ್ಳಿ ಎಂದು ನಾವೆಲ್ಲ ಬೆನ್ನು ಬಿದ್ದಿದ್ದೆವು. "ಅದ್ರಾಗ ಜಾಗಾ ಭಾಳ ಐತ್ರಿ, ಏನ್ ಬೇಕಾದ್ದ ತುಂಬಬಹುದು. ಇದ್ರಾಗ ಇಲ್ಲ. ಅದಕ್ಕ ಛಲೋದಷ್ಟ ಆರಿಸಿ ಇಡಬೇಕಾಗತೈತಿ," ಎಂದರು ಮಾಸ್ತರ. ಎಂಥ ಹಟ ಆ ಮನುಷ್ಯನದು! ಸಾರವಾಡದ ಹಲಗಿ, ಬಬಲೇಶ್ವರದ ಟ್ರ್ಯಾಕ್ಟರು, ಕೊನೆಗೆ ವೈನಿಯವರು ಜೋಳದ ರೊಟ್ಟಿ ಬಡಿಯುವ ಸಪ್ಪಳ — ಎಲ್ಲ ಅದರೊಳಗೆ. ಆ ರೊಟ್ಟಿಯ ಸಪ್ಪಳವನ್ನು ಕೆಳಗಿನ ಕೀಯಲ್ಲಿ ಬಾರಿಸಿದರೆ ನಗಾರಿಯೇ. ಈ ಸೀಮೆಯ ಎಷ್ಟು ಮದುಮಕ್ಕಳು ವೈನಿಯವರ ರೊಟ್ಟಿಗೆ ಕುಣಿದಿದ್ದಾರೋ, ಅವರಿಗೇ ಗೊತ್ತಿಲ್ಲ.

ಎಲ್ಲರ ಸಪ್ಪಳ ಹಿಡಿದವರು ತಮ್ಮ ದನಿಯನ್ನು ಮಾತ್ರ ಇಡಲಿಲ್ಲ. ಮೊಬೈಲು ಹಿಡಿದರೆ ಮುಖ ತಿರುಗಿಸಿ ಎದ್ದು ಹೋಗುತ್ತಿದ್ದರು. ಅವರ ಎದೆಬಡಿತ ನಿಂತ ಆ ಶುಕ್ರವಾರದಿಂದ ಶಮಾ ಮನೆಯ ಫೋನುಗಳನ್ನೆಲ್ಲ ಹುಡುಕಿದಳು. ಅಪ್ಪನ ಒಂದು ಮಾತೂ ಸಿಗಲಿಲ್ಲ.

ಆಮೇಲೆ ಅವಳಿಗೆ ಹೊಳೆಯಿತು. ಸಪ್ಪಳ ಹಿಡಿಯುವ ಮೊದಲು ಮಾಸ್ತರ ಎದುರಿಗಿದ್ದವರಿಗೆ, "ಹೂಂ, ಬಡೀರಿ ಇನ್ನ," ಅನ್ನುತ್ತಿದ್ದರು. ಆಮೇಲೆ ಆ ಮಾತನ್ನು ಕತ್ತರಿಸಿ ಬಿಸಾಡುತ್ತಿದ್ದರು, ಜಾಗ ಉಳಿಯಬೇಕಲ್ಲ. ರೊಟ್ಟಿಯ ದಿನ ಮಾತ್ರ ಕತ್ತರಿಸುವ ಮುನ್ನ ಕಾರ್ಯಕ್ರಮದ ಗಾಡಿ ಬಂದು ಹಾರ್ನ್ ಹೊಡೆಯಿತು. ಸಪ್ಪಳ ಎಲ್ಲಿಂದ ಶುರುವಾಗಬೇಕೆಂಬ ಗುರುತನ್ನಷ್ಟೇ ಮುಂದೆ ಸರಿಸಿ, ಫ್ಲಾಪಿಗೆ ತುಂಬಿ ಓಡಿದರು. ಗುರುತಿನ ಹಿಂದೆ ಆ ಮಾತು ಹಾಗೇ ಉಳಿಯಿತು.

ನಿನ್ನೆ ಶಮಾ ಆ ಗುರುತನ್ನು ಹಿಂದಕ್ಕೆ ಸರಿಸಿದಳು. ಅಪ್ಪ ಮಾತಾಡಿದರು. ವೈನಿ ಅಳುತ್ತಲೇ ನನಗೆ ಹೇಳಿದರು: "ಮನ್ಯಾಗ ನನಗ ಎಂದೂ 'ರಿ' ಹಚ್ಚಿ ಮಾತಾಡಲಿಲ್ಲ. ಆ ಮಷೀನ್ ಮುಂದ ಅಷ್ಟ ಅಂದಾರ, ನೋಡ್ರಿ."

ಶಮಾ ಅದನ್ನು ಫೋನಿನಲ್ಲಿ ಹಿಡಿಯುವಷ್ಟರಲ್ಲಿ ಕರೆಂಟು ಹೋಯಿತು. ಆಮೇಲಿಂದ ಆ ಫ್ಲಾಪಿ ಓದುತ್ತಿಲ್ಲ. ಬೆಳಗಿನಿಂದ ಒರೆಸಿ ಒರೆಸಿ ಮತ್ತೆ ಹಾಕುತ್ತಿದ್ದಾಳೆ. ನಾನು ಇಷ್ಟು ಹೊತ್ತು ಮಾತಾಡಿದ್ದು ಅದಕ್ಕೇ. ಓದದೇ ಹೋದರೆ — ನನಗೆ ಗೊತ್ತಿಲ್ಲ. ನನ್ನಲ್ಲಿ ಮಾತು ಮುಗಿದಿದೆ.

"ಆತೇನವಾ, ಶಮಾ?"

ಇನ್ನೂ ಇಲ್ಲ. ಇನ್ನೊಂದು ಸ್ವಲ್ಪ —

ಬೆರಳೆತ್ತಿದಳು.

ಎಲ್ಲರೂ ಎದ್ದು ನಿಲ್ಲಿ. ಅವಳ ಫೋನೂ ತಯಾರಾಗಿದೆ, ಯಾರೂ ಕೆಮ್ಮಬೇಡಿ. ಆ ಮಾತನ್ನಷ್ಟೇ ಕೇಳಿಸುತ್ತಾಳೆ, ರೊಟ್ಟಿಯ ಸಪ್ಪಳವನ್ನಲ್ಲ. ಮಾಸ್ತರ "ಬಡೀರಿ ಇನ್ನ" ಅನ್ನುತ್ತಾರೆ. ಸಾರವಾಡದ ಅಣ್ಣಂದಿರೇ, ನಿಮಗೂ ಹೇಳುತ್ತೇನೆ — ಇವತ್ತು ಯಾರೂ ಬಡಿಯುವುದು ಬೇಡ. ಸುಮ್ಮನೆ ನಿಲ್ಲೋಣ.