ಸಿನಿಮಾ ನೋಡಿ ಅತ್ತ ಶ್ರೀಮಂತನೂ ಬೆಳ್ಳಗಾದ ಸೊಸೆಯೂ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಕತೆಯಲ್ಲಿ ಬರುವ ಶ್ರೀಮಂತರೆಲ್ಲ ಜಿಪುಣರು, ಕಟುಕರು ಅಂತ ನಿಮ್ಮ ಎಣಿಕೆ. ಇವನು ಹಾಗಲ್ಲ ನೋಡಿ. ಕೈ ಧಾರಾಳ, ಮನಸ್ಸು ಮೆತ್ತಗೆ. ಪೇಟೆಬೀದಿಯಲ್ಲಿ ದೊಡ್ಡ ಜವಳಿ ಅಂಗಡಿ ಇಟ್ಟಿದ್ದ, ಬಂದವರನ್ನು ನಗುನಗುತ್ತ ಮಾತಾಡಿಸುತ್ತಿದ್ದ. ಇಂಥ ಒಳ್ಳೆಯವನ ಕತೆಯನ್ನೇ ಯಾಕೆ ಹೇಳುತ್ತಿದ್ದೇವೆ? ಕೆಟ್ಟವನ ಕತೆ ಹೇಳಿದರೆ ನೀವೆಲ್ಲ ಪಕ್ಕದ ಮನೆಯವರನ್ನು ನೆನೆಸಿಕೊಂಡು ನೆಮ್ಮದಿಯಾಗಿ ಕೂತುಬಿಡುತ್ತೀರಿ, ಅದಕ್ಕೆ.

ಒಂದು ಭಾನುವಾರ ಈ ಶ್ರೀಮಂತ ಹೆಂಡತಿಯ ಜೊತೆ ಸಿನಿಮಾಕ್ಕೆ ಹೋದ. ಯಾವುದೋ ಪರದೇಶದ ಕತೆ, ಮಾತೆಲ್ಲ ಕನ್ನಡಕ್ಕೆ ಮಾಡಿದ್ದರು. ಆ ದೇಶದಲ್ಲಿ ಬಿಳಿಯರು ಕಪ್ಪು ಜನರನ್ನು ಮನುಷ್ಯರೆಂದೇ ಎಣಿಸುವುದಿಲ್ಲ. ಕಪ್ಪು ಹುಡುಗಿಯೊಬ್ಬಳು ಬಾಯಾರಿ ಒಂದು ಅಂಗಡಿಯ ಬಾಗಿಲಿಗೆ ಬರುತ್ತಾಳೆ, ಬಿಳಿಯ ಸಾಹುಕಾರ ಅವಳನ್ನು ಬೂಟುಗಾಲಿನಲ್ಲಿ ಒದ್ದು ಆಚೆಗೆ ತಳ್ಳುತ್ತಾನೆ. ಶ್ರೀಮಂತ ಗಳಗಳ ಅತ್ತುಬಿಟ್ಟ. ಆ ಸಾಹುಕಾರನಿಗೆ ಕೂತಲ್ಲೇ ಹಿಡಿಶಾಪ ಹಾಕಿದ. ಕೊನೆಯಲ್ಲಿ ಒಬ್ಬ ಒಳ್ಳೆಯ ಬಿಳಿಯ ಬಂದು ಹುಡುಗಿಯನ್ನು ಕಾಪಾಡಿದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದ.

ಮಾರನೆಯ ದಿನದಿಂದ ಅಂಗಡಿಗೆ ಬಂದವರಿಗೆಲ್ಲ ಇದೇ ಕತೆ. ಒಂದು ಕೈಯಲ್ಲಿ ಸೀರೆಯ ಸೆರಗು ಬಿಡಿಸಿ ತೋರಿಸುತ್ತ, ಬಣ್ಣ ನೋಡಿ ಮನುಷ್ಯನನ್ನು ಅಳೆಯುವವನು ಪಾಪಿ ಅನ್ನುತ್ತಿದ್ದ. ಮನೆಯವರನ್ನೂ ಕೆಲಸದವರನ್ನೂ ತನ್ನ ಖರ್ಚಿನಲ್ಲೇ ಆ ಸಿನಿಮಾಕ್ಕೆ ಕಳಿಸಿದ. ಅವನು ಹೇಳಿದ್ದು ತಪ್ಪೇ? ತಪ್ಪಲ್ಲ. ಅತ್ತದ್ದು ಸುಳ್ಳೇ? ಸುಳ್ಳಲ್ಲ. ಆ ಕಣ್ಣೀರಿನಲ್ಲಿ ಕಲಬೆರಕೆ ಇರಲಿಲ್ಲ.

ಅಷ್ಟರಲ್ಲಿ ಅವನ ಮಗ ಒಂದು ಹುಡುಗಿಯನ್ನು ಮೆಚ್ಚಿದ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಮನೆತನ ಒಳ್ಳೆಯದು, ಜಾತಕವೂ ಕೂಡಿಬಂತು. ಆದರೆ ಹುಡುಗಿ ಕಪ್ಪು. ಎಣ್ಣೆಗೆಂಪು ಅಂತ ತೇಲಿಸಿ ಹೇಳುವ ಹಾಗೂ ಇಲ್ಲ, ಕಪ್ಪೇ. ಶ್ರೀಮಂತನ ಹೆಂಡತಿ ಮುಖ ಗಂಟು ಹಾಕಿಕೊಂಡಳು. ಅವನ ಅಕ್ಕ, ನಾಳೆ ಹುಟ್ಟುವ ಮಕ್ಕಳೂ ಹಾಗೇ ಆದರೆ ಏನು ಗತಿ ಅಂದಳು. ಶ್ರೀಮಂತ ಇಬ್ಬರನ್ನೂ ಗದರಿದ. ಆ ಸಿನಿಮಾ ನೋಡಿಯೂ ಹೀಗೆ ಮಾತಾಡುತ್ತೀರಾ ಅಂತ ಕೇಳಿದ. ಮದುವೆಯನ್ನು ತನ್ನ ಊರಲ್ಲೇ, ತನ್ನ ಖರ್ಚಿನಲ್ಲೇ ಮಾಡುವುದಾಗಿ ಒಪ್ಪಿ ತಾಂಬೂಲ ಬದಲಾಯಿಸಿಕೊಂಡ. ಬೀಗರ ಹಜಾರದಲ್ಲಿ ಎಲ್ಲರ ಎದುರಿಗೆ, “ನಮ್ಮ ಮನೇಲಿ ಬಣ್ಣ ನೋಡೋದಿಲ್ಲ, ಗುಣ ನೋಡ್ತೀವಿ” ಅಂದ. ಹುಡುಗಿ ತಲೆಯೆತ್ತಿ ಅವನನ್ನು ನೋಡಿದಳು. ಅವನಿಗೆ ಅದು ಕೃತಜ್ಞತೆಯ ಹಾಗೆ ಕಂಡಿತು. ಮನೆಗೆ ಬರುವ ದಾರಿಯಲ್ಲಿ, ಸಿನಿಮಾದ ಆ ಒಳ್ಳೆಯ ಬಿಳಿಯ ತಾನೇ ಅನ್ನಿಸಿ ಅವನ ಎದೆ ಉಬ್ಬಿತು.

ಈಗ ಮದುವೆ ಅಂದರೆ ಛತ್ರದ ಬಾಗಿಲಿಗೆ ಫ್ಲೆಕ್ಸು ಬೇಕೇ ಬೇಕಲ್ಲ. ಗಣಪತಿ ಪೂಜೆ ಮರೆತರೂ ನಡೆದೀತು, ಗಂಡುಹೆಣ್ಣಿನ ಆಳೆತ್ತರದ ಫೋಟೋ ಇಲ್ಲದೆ ನಡೆಯದು. ಶ್ರೀಮಂತ ತಾನೇ ಫ್ಲೆಕ್ಸಿನ ಅಂಗಡಿಗೆ ಹೋಗಿ ಕಂಪ್ಯೂಟರಿನ ಪಕ್ಕ ಕೂತ. ಮಗನ ಫೋಟೋದ ಪಕ್ಕಕ್ಕೆ ಹುಡುಗಿಯ ಫೋಟೋ ಬಂತು. ನೆಂಟರು, ಊರಿನ ದೊಡ್ಡವರು, ಅಂಗಡಿಯ ಗಿರಾಕಿಗಳು ಬಾಗಿಲಲ್ಲಿ ನಿಂತು ಇದನ್ನು ನೋಡುವುದು ಅವನ ಕಣ್ಣಿಗೆ ಕಟ್ಟಿತು. ಹೆಣ್ಣಿನ ಕಡೆ ಬೆಳಕು ಸಾಲದು, ಒಂಚೂರು ಬೆಳ್ಳಗೆ ಮಾಡಿ ಅಂದ. ಫ್ಲೆಕ್ಸಿನವನು ಯಾಕೆ ಅಂತ ಕೇಳಲಿಲ್ಲ, ಎಲ್ಲರೂ ಮಾಡಿಸುವುದೇ. ಅವನು ಮಾಡಿದ ಮೇಲೆ ಶ್ರೀಮಂತ ಇನ್ನೊಂಚೂರು ಅಂದ. ಆಮೇಲೆ ಇನ್ನೂ ಒಂಚೂರು ಅಂದ. ನೋಡಿ, ಇಲ್ಲಿ ಬೂಟಿಲ್ಲ, ಒದೆತವಿಲ್ಲ, ಬೈಗುಳವಿಲ್ಲ. ಕುಡಿಯಲು ಕಾಫಿ ತರಿಸಿದ್ದರು, ಆಡಿದ್ದೆಲ್ಲ ಮೆತ್ತನೆಯ ಮಾತೇ. ತಾನೇನು ಮಾಡಿದೆ ಅಂತ ಅವನಿಗೆ ಗೊತ್ತೇ ಆಗಲಿಲ್ಲ. ಹೇಗೆ ಗೊತ್ತಾಗಬೇಕು? ಪಾಪಿಯಾದವನು ಬೂಟು ಹಾಕಿರುತ್ತಾನೆ ಅಂತ ಆ ಸಿನಿಮಾ ಅವನಿಗೆ ಕಲಿಸಿಕೊಟ್ಟಿತ್ತು.

ಮದುವೆಯ ಹಿಂದಿನ ಸಂಜೆ ಹೆಣ್ಣಿನ ದಿಬ್ಬಣ ಬಂದಿಳಿಯಿತು. ವಾಲಗ ಶುರುವಾಯಿತು. ಶ್ರೀಮಂತ ಹಾರ ಹಿಡಿದು ಎದುರುಗೊಳ್ಳಲು ಬಂದ. ಹುಡುಗಿ ಛತ್ರದ ಬಾಗಿಲಲ್ಲಿ ನಿಂತು ಮೇಲೆ ನೋಡಿದಳು. ಅಲ್ಲಿ ಅವಳ ಸೀರೆ ಇತ್ತು, ಅವಳ ಸರ ಇತ್ತು, ಮುಖ ಮಾತ್ರ ಯಾರದೋ. ಅವಳ ತಾಯಿ ಕೈಹಿಡಿದು ಒಳಕ್ಕೆ ಎಳೆದಳು. ಈಗ ಬೇಡಮ್ಮ, ನಾಲ್ಕು ಜನ ನೋಡುತ್ತಾರೆ ಅಂತ ಮೆಲ್ಲಗೆ ಬೇಡಿಕೊಂಡಳು. ಹುಡುಗಿ ಅಲ್ಲಾಡಲಿಲ್ಲ.

“ಈ ಹುಡುಗಿ ಯಾರು ಮಾವ?”

“ನೀನೇ ಕಣಮ್ಮ” ಅಂತ ಅವನು ನಕ್ಕ. “ಚೆನ್ನಾಗಿ ಬಂದಿಲ್ವಾ?”

“ನಾನಲ್ಲ. ಇಂಥ ಸೊಸೆ ಬೇಕಿದ್ರೆ ಮುಂಚೇನೇ ಹೇಳ್ಬೋದಿತ್ತು. ಇವಳು ಬಾಗಿಲಲ್ಲಿರೋ ತನಕ ನಾನು ಒಳಗೆ ಬರಲ್ಲ.”

ವಾಲಗ ನಿಂತುಹೋಯಿತು. ಶ್ರೀಮಂತನಿಗೆ ಸಿಟ್ಟು ನೆತ್ತಿಗೇರಿತು. ಮನೆಯವರನ್ನೆಲ್ಲ ಎದುರುಹಾಕಿಕೊಂಡು ತಂದ ಸೊಸೆ, ಹೊಸಿಲು ದಾಟುವ ಮೊದಲೇ ಮರ್ಯಾದೆ ತೆಗೆಯುತ್ತಿದ್ದಾಳೆ. ಕಪ್ಪಗಿರುವವರ ಕಷ್ಟ ನನಗೆ ಗೊತ್ತಿಲ್ಲವೇ, ಆ ಸಿನಿಮಾ ನೋಡಿ ನಾನೆಷ್ಟು ಅತ್ತೆ, ಬೇಕಾದರೆ ನಿಮ್ಮ ಅತ್ತೆಯನ್ನೇ ಕೇಳು ಅಂದ.

ಹುಡುಗಿ ದನಿ ಏರಿಸಲಿಲ್ಲ. “ಅತ್ತಿದ್ದೀರಿ ಮಾವ, ಇಲ್ಲ ಅನ್ನಲ್ಲ. ಆದ್ರೆ ಸಿನಿಮಾದ ಆ ಹುಡುಗಿ ನಿಮ್ಮನೆಗೆ ಸೊಸೆಯಾಗಿ ಬರಲ್ಲ. ಬರೋಳು ನಾನು.”

ಮಗ ಬಂದು ಅವಳ ಪಕ್ಕದಲ್ಲಿ ನಿಂತುಕೊಂಡ. ಶ್ರೀಮಂತ ಕೆಳಗೆ ನಿಂತವಳನ್ನೂ ಮೇಲಿದ್ದವಳನ್ನೂ ಒಟ್ಟಿಗೆ ನೋಡಿದ. ಇಷ್ಟು ದಿನ ಈ ಹುಡುಗಿಯ ಮುಖವನ್ನು ಅವನು ಸರಿಯಾಗಿ ನೋಡಿಯೇ ಇರಲಿಲ್ಲ. ನೋಡಿಕೊಂಡಿದ್ದೆಲ್ಲ ತನ್ನ ದೊಡ್ಡತನವನ್ನು. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಅಕ್ಕ ಹತ್ತಿರ ಬಂದು, ಫ್ಲೆಕ್ಸಿನವನು ತಪ್ಪು ಮಾಡಿದ ಅಂದುಬಿಡು, ಮದುವೆ ಉಳಿಯುತ್ತದೆ ಅಂತ ಕಿವಿಯಲ್ಲಿ ಹೇಳಿದಳು. ಎಷ್ಟು ಸುಲಭ ನೋಡಿ. ಆ ಮಾತು ಅವನ ನಾಲಿಗೆಯ ತುದಿಯವರೆಗೂ ಬಂದಿತ್ತು.

“ಫ್ಲೆಕ್ಸಿನವನದ್ದಲ್ಲ, ತಪ್ಪು ನಂದು” ಅಂದ, ಎಲ್ಲರಿಗೂ ಕೇಳುವ ಹಾಗೆ. “ನಾನೇ ಪಕ್ಕ ಕೂತು ಬೆಳ್ಳಗೆ ಮಾಡಿಸ್ದೆ. ನನ್ನ ಸೊಸೆ ಕಪ್ಪು. ಇಳಿಸ್ರಪ್ಪ ಅದನ್ನ.”

ಫ್ಲೆಕ್ಸು ಇಳಿಯಿತು. ಹುಡುಗಿ ಒಳಗೆ ಬಂದಳು. ಅವಳೇನೂ ಮಾವನ ಕಾಲಿಗೆ ಬೀಳಲಿಲ್ಲ, ಅವನೂ ಅಳಲಿಲ್ಲ. ಎಲ್ಲರೂ ಪಂಕ್ತಿಯಲ್ಲಿ ಕೂತು ಊಟ ಮಾಡಿದರು, ಬೆಳಿಗ್ಗೆ ಮದುವೆ ಆಯಿತು.

ಅವನ ಕತೆ ಇಷ್ಟೇ. ಈಗ ನಮ್ಮದು. ನೀವೂ ಇಂಥ ಸಿನಿಮಾ ನೋಡುತ್ತೀರಿ, ಅಳುತ್ತೀರಿ. ಅಳಿ, ಬೇಡ ಅನ್ನುವುದಿಲ್ಲ. ಆದರೆ ಅಲ್ಲಿ ನೀವು ಯಾರ ಪಕ್ಷ? ಒದೆಸಿಕೊಂಡವಳ ಪಕ್ಷ, ಇಲ್ಲವೇ ಕಾಪಾಡಿದವನ ಪಕ್ಷ. ಒದ್ದವನಲ್ಲಿ ತನ್ನ ಮುಖ ಕಂಡೆ ಅಂತ ಯಾರಾದರೂ ಮನೆಗೆ ಬಂದು ಹೇಳಿದ್ದುಂಟೇ? ನೋಡಿದವರೆಲ್ಲ ಒಳ್ಳೆಯವರೇ ಆದರೆ, ಲೋಕದಲ್ಲಿ ಒದೆಯುತ್ತಿರುವವರು ಯಾರು? ಇನ್ನೊಮ್ಮೆ ಸಿನಿಮಾಕ್ಕೆ ಹೋದಾಗ ಆ ಕೆಟ್ಟವನನ್ನು ಸ್ವಲ್ಪ ಹೊತ್ತು ಹತ್ತಿರದಿಂದ ನೋಡಿ. ಗುರುತಿನವನು ಅನ್ನಿಸಿದರೆ ಟಿಕೆಟ್ಟಿನ ದುಡ್ಡು ದಂಡವಾಗಲಿಲ್ಲ.

ತಾಯಂದಿರೇ, ಬಸುರಿ ಸೊಸೆಗೆ ಕೇಸರಿ ಹಾಲು ಕೊಡಿ, ರುಚಿಯಾಗಿರುತ್ತದೆ ಅಂತ ಕೊಡಿ. ಮಗು ಬೆಳ್ಳಗಾಗಲಿ ಅಂತ ಕೊಡಬೇಡಿ. ತೊಟ್ಟಿಲ ಹತ್ತಿರ ಹೋದಾಗ ನಿಮ್ಮ ಮೊದಲ ಮಾತು ಬಣ್ಣದ್ದಾಗಬಾರದು. ಕಪ್ಪಾದರೂ ಲಕ್ಷಣವಾಗಿದ್ದಾಳೆ ಅಂತ ಹೊಗಳುತ್ತೀರಲ್ಲ, ಆ ಹೊಗಳಿಕೆಯನ್ನು ಇವತ್ತಿಗೆ ನಿಲ್ಲಿಸಿ. ಅಪ್ಪಂದಿರೇ, ನೀವು ನಗಬೇಡಿ. ಬಾಡಿಗೆಗೆ ಮನೆ ಕೇಳಲು ಬಂದವನ ಹೆಸರು ಕೇಳಿಕೊಂಡು, ಆಮೇಲೆ ಮನೆ ಖಾಲಿ ಇಲ್ಲ ಅನ್ನುತ್ತೀರಲ್ಲ, ಅದೂ ಇದೇ ಜಾತಿಯ ಪಾಪ. ಅದಕ್ಕೂ ಬೂಟು ಬೇಕಾಗುವುದಿಲ್ಲ.

ಇಲ್ಲಿಂದ ನೇರ ಮನೆಗೆ ಹೋಗಿ. ಮಗನ ಮದುವೆಯ ಆಲ್ಬಮ್ ತೆಗೆದು ಸೊಸೆಯ ಫೋಟೋ ನೋಡಿ. ಆಮೇಲೆ ಮನೆಯಲ್ಲಿ ಓಡಾಡುತ್ತಿರುವ ಸೊಸೆಯನ್ನು ನೋಡಿ. ಇಬ್ಬರೂ ಒಬ್ಬಳೇ ಆಗಿದ್ದರೆ ಸರಿ. ಬೇರೆ ಬೇರೆ ಆಗಿದ್ದರೆ, ಅವಳ ಎದುರಿಗೆ ನಿಂತು ತಪ್ಪಾಯಿತಮ್ಮ ಅನ್ನಿ. ಮನಸ್ಸಿನಲ್ಲಲ್ಲ, ಅವಳಿಗೆ ಕೇಳುವ ಹಾಗೆ ಅನ್ನಿ.