ಸುಣ್ಣದ ಗೋಡೆಯ ಪರವಾಗಿ

ಸೇರಿರುವ ಹಿರಿಯರೇ, ಸಹೋದ್ಯೋಗಿಗಳೇ, ಮುಂದಿನ ಸಾಲಿನಲ್ಲಿರುವ, ನಮ್ಮನ್ನು ಅಗಲಿದ ಇಂಜಿನಿಯರಮ್ಮನ ಯಜಮಾನರೇ, ಮಗಳೇ — ನಮಸ್ಕಾರ. ನಿಮ್ಮ ದುಃಖದ ಮುಂದೆ ನಾನು ಸಿಟ್ಟಿನ ಮಾತಾಡಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಇವತ್ತು ನನಗೆ ಬರುತ್ತಿರುವುದು ಅಳುವಲ್ಲ.

ಈ ನಗರಸಭೆ ಕಟ್ಟಡ — ಇಗೋ, ಈ ಕಮಾನುಗಳು, ಮೇಲಿನ ಈ ಗುಮ್ಮಟ — ಹಿಂದೆ ಕೆಳಗೆ ದವಸದ ವ್ಯಾಪಾರ, ಮೇಲೆ ಊರಿನ ಸಭೆ. ಕಲ್ಲು, ಇಟ್ಟಿಗೆ, ಸುಣ್ಣದ ಗಾರೆ. ಕಟ್ಟುವಾಗ ಒಂದು ಹಿಡಿ ಸಿಮೆಂಟಿಲ್ಲ. ನನ್ನ ಜೊತೆ ಕಟ್ಟಡ ವಿಭಾಗದಲ್ಲಿದ್ದ ಈ ಇಂಜಿನಿಯರಮ್ಮ ಹೊಸಬರಿಗೆಲ್ಲ ಹೇಳುತ್ತಿದ್ದರು — ಸುಣ್ಣದ ಗೋಡೆ ತೇವ ಕುಡಿಯುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ, ಅದರ ಬಾಯಿ ಕಟ್ಟಬಾರದು.

ಬಾಯಿ ಕಟ್ಟಿದರು. ಶತಮಾನೋತ್ಸವದ ಗಡಿಬಿಡಿಯಲ್ಲಿ ಸಭೆಯವರು ಗೋಡೆಗೆಲ್ಲ ಸಿಮೆಂಟ್ ಮೆತ್ತಿಸಿದರು. ಇವರು ಬೇಡ ಎಂದರು. ಮತ್ತೆ ಬೇಡ ಎಂದರು. ಇನ್ನೊಮ್ಮೆ ಎಂದಾಗ — ಚರಂಡಿ ವಿಭಾಗಕ್ಕೆ ವರ್ಗ.

ಕೆಲವೇ ವರ್ಷಗಳಲ್ಲಿ ಪೂರ್ವದ ಗೋಡೆ ಉಬ್ಬಿತು. ಆಗ ಏನೆಂದರು ಗೊತ್ತೆ? ಕಟ್ಟಡಕ್ಕೆ ವಯಸ್ಸಾಯಿತು, ಪೂರ್ತಿ ಕೆಡವಿ ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ!

ಕೆಡವುವ ದಿನ ಇವರು ಗಾರೆ ಕೆಲಸದವನನ್ನು ಕರೆದುಕೊಂಡು ಬಂದರು. ಕಾಲಿಗೆ ಚರಂಡಿಯ ಕೆಸರು ಹಾಗೇ ಇತ್ತು. ಸದಸ್ಯರೆಲ್ಲ ನೋಡುತ್ತಿದ್ದಂತೆ ಸಿಮೆಂಟ್ ಕೆತ್ತಿಸಿದರು — ಹೀಗೆ, ಅಂಗೈ ಅಗಲ. ಒಳಗಿನಿಂದ ನೀರು ಜಿನುಗಿತು. ಅಧ್ಯಕ್ಷರ ಕೈ ಹಿಡಿದು ಅಲ್ಲಿಗೇ ಇಟ್ಟರು.

"ಮುಟ್ಟಿ ನೋಡಿ ಸಾರ್. ಇದಕ್ಕೆ ವಯಸ್ಸಾಗಿಲ್ಲ, ಉಸಿರು ಕಟ್ಟಿದೆ ಅಷ್ಟೇ."

ಅಧ್ಯಕ್ಷರು ಕೈ ಒರೆಸಿಕೊಂಡು, ಕೆಡವುವುದನ್ನು ನಿಲ್ಲಿಸಿ ಎಂದರು. ಪೂರ್ವದ ಭಾಗ ದಕ್ಕಲಿಲ್ಲ, ಅಷ್ಟರಲ್ಲಾಗಲೇ ಯಂತ್ರ ಬಾಯಿ ಹಾಕಿತ್ತು. ಮಿಕ್ಕಿದ್ದು — ನಾವೀಗ ಕುಳಿತಿರುವುದು — ಉಳಿಯಿತು. ಸಿಮೆಂಟನ್ನೆಲ್ಲ ತೆಗೆಸುತ್ತೇವೆ ಎಂದು ಮಾತೂ ಕೊಟ್ಟರು.

ಇವರು ನಿವೃತ್ತರಾದರು. ಹಾಸಿಗೆ ಹಿಡಿದರು. ಆಸ್ಪತ್ರೆಗೆ ಹೋದಾಗಲೆಲ್ಲ ನನ್ನನ್ನು ಕೇಳುತ್ತಿದ್ದುದು ಒಂದೇ — "ಶುರು ಮಾಡಿದ್ರಾ?" ಇಲ್ಲ ಎಂದು ಹೇಳಿ ಹೇಳಿ ನನ್ನ ನಾಲಿಗೆ ಸೋತಿತು. ಅವರು ಹೋದರು. ಸಿಮೆಂಟ್ ಇದೆ. ನಿಮ್ಮ ಪಕ್ಕದ ಗೋಡೆಯನ್ನೇ ನೋಡಿ — ಹೇಗೆ ಬೆವರುತ್ತಿದೆ.

ಈಗ ಇಲ್ಲಿ ಇವರ ದೊಡ್ಡ ಭಾವಚಿತ್ರ ತೂಗುಹಾಕುತ್ತಾರಂತೆ. ಮನೆಯವರ ಅಭಿಪ್ರಾಯ ಕೇಳಲು ನನ್ನನ್ನೇ ಕಳಿಸಿದರು. ಮಗಳು ಹೇಳಿದ್ದನ್ನು ಹಾಗೆಯೇ ಒಪ್ಪಿಸುತ್ತೇನೆ.

"ಮಾಮ, ಆ ಗೋಡೆಗೆ ಇನ್ನೊಂದು ಮೊಳೆ ಬೇಡ."

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ — ಅಧ್ಯಕ್ಷರೇ, ತಾವೂ. ಅಗಲಿದ ಜೀವಕ್ಕಾಗಿ ಸ್ವಲ್ಪ ಹೊತ್ತು ಮೌನವಾಗಿರೋಣ. ಆಮೇಲೆ ಉಳಿದವರು ಕುಳಿತುಕೊಳ್ಳಬಹುದು. ತಾವು ಮಾತ್ರ — ಕೆಲಸ ಯಾವತ್ತು ಶುರು ಎಂದು ಹೇಳಿ ಕುಳಿತುಕೊಳ್ಳಿ.