ಹೊಗೆಗೂಡಿನ ಮೂರು ತಟ್ಟು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದು ನಮ್ಮ ಪಕ್ಕದ ಮನೆಯ ಗಾರೆ ಕೆಲಸದ ಹಂಫ್ರಿಗೆ ಆದದ್ದು.

ಆ ರಾತ್ರಿ ಅವನು ದೊರೆಯ ಬಂಗಲೆಯ ಹಿಂದೆ, ಬಾವಿಯ ಪಕ್ಕದ ದಾರಿಯಲ್ಲಿ ಮನೆಗೆ ಬರುತ್ತಿದ್ದ. ದೊರೆ ಸತ್ತು, ಬಂಗಲೆಗೆ ಬೀಗ ಬಿದ್ದು ತಿಂಗಳಾಗಿತ್ತು. ಬಾವಿಗೆ ಎದುರಾಗಿ ದೊಡ್ಡ ಹೊಗೆಗೂಡಿನ ಗೋಡೆ. ಅದರೊಳಗಿಂದ ಸದ್ದು...

ಟಕ್. ಟಕ್. ಟಕ್.

ಇಟ್ಟಿಗೆಗೆ ಗಾರೆ ಮೆತ್ತುವ ಕರಣೆಯ ಹಿಡಿ ಬಡಿದ ಸದ್ದು. ಹಂಫ್ರಿ ಅಲ್ಲೇ ನಿಂತುಬಿಟ್ಟ.

ಹನ್ನೊಂದು ವರ್ಷದ ಹಿಂದೆ, ರಾಣಿ ನಿಷೇಧಿಸಿದ್ದ ಹಳೆಯ ಮತದ ಪಾದ್ರಿಗಳಿಗಾಗಿ ಅವಳ ಸಿಪಾಯಿಗಳು ಮನೆಮನೆ ಜಾಲಾಡುತ್ತಿದ್ದಾಗ, ಅವರನ್ನು ಬಚ್ಚಿಡಲು ದೊರೆ ಆ ಹೊಗೆಗೂಡಿನ ಮಗ್ಗುಲಲ್ಲಿ ಗುಟ್ಟಾಗಿ ಒಂದು ಅಡಗುಕೋಣೆ ಕಟ್ಟಿಸಿದ್ದ. ಕಟ್ಟಿದವರು ಇಬ್ಬರೇ, ಹಂಫ್ರಿ ಮತ್ತು ಅವನ ಜೀವದ ಗೆಳೆಯ ಗೈಲ್ಸ್. ಹಂಫ್ರಿಯ ತಂಗಿ ಉರ್ಸುಲಾಗೂ ಗೈಲ್ಸ್‌ಗೂ ಮದುವೆ ಗೊತ್ತಾಗಿತ್ತು. ಕಡೆಯ ದಿನ ಗೈಲ್ಸ್ ಒಳಗೆ ನಿಂತು ಸಂದಿಗೆ ಗಾರೆ ಮೆತ್ತುತ್ತಿದ್ದ. ಹಂಫ್ರಿ ಹೊರಗಿನಿಂದ ಗೋಡೆ ಮುಚ್ಚುತ್ತಿದ್ದ.

"ಅಟ್ಟದ ಬಾಗಿಲು ತೆಗೆದು ನಾನೇ ಅವನನ್ನ ಮೇಲೆ ಎಳ್ಕೋತೀನಿ, ನೀನು ಮುಚ್ಚು" ಎಂದಿದ್ದ ದೊರೆ.

ಮೂರು ಸಲ ತಟ್ಟಿದರೆ 'ನನ್ನ ಕೆಲಸ ಮುಗೀತು, ನೀನು ಹೊರಡು' ಅಂತ ಅರ್ಥ. ಅದು ಹಂಫ್ರಿ, ಗೈಲ್ಸ್ ಇಬ್ಬರ ರೂಢಿ. ಸಂಜೆ ಕೊನೆಯ ಇಟ್ಟಿಗೆ ಕೂತ ಮೇಲೆ ಒಳಗಿಂದ ಮೂರು ತಟ್ಟು. ಮತ್ತೆ ಮೂರು. ಮತ್ತೆ...

"ಕಿವಿ ಇದೆ ಕಣೋ ನಂಗೆ! ಹೊಟ್ಟೆ ಹಸೀತಿದೆ, ಹೊರಟೆ!" ಎಂದು ಹಂಫ್ರಿ ನಗುತ್ತಾ ಹೋದ.

ಬೆಳಿಗ್ಗೆ ದೊರೆ ಹೇಳಿದ, "ನಿನ್ನ ಗೆಳೆಯ ರಾತ್ರೋರಾತ್ರಿ ಲಂಡನ್ನಿಗೆ ಓಡಿದ ಕಣಪ್ಪಾ. ಅಲ್ಲಿ ಯಾವಳೋ ಇದ್ದಾಳಂತೆ."

ಹಂಫ್ರಿ ನಂಬಿದ. ತಂಗಿಗೆ ಕೈಕೊಟ್ಟ ನಾಯಿ ಎಂದು ಹನ್ನೊಂದು ವರ್ಷ ಬೈದ. ಉರ್ಸುಲಾ ಬೇರೆ ಮದುವೆಯಾಗಲಿಲ್ಲ.

ಈಗ ಬಾವಿಯ ಬಳಿ...

"ಯಾರು?" ಪಿಸುಗುಟ್ಟಿದ ಹಂಫ್ರಿ.

"ಹಂಫ್ರಿ... ದೊರೆ ಅಟ್ಟದ ಬಾಗಿಲು ತೆಗೀಲೇ ಇಲ್ಲ ಕಣೋ..." ಗೋಡೆಯೊಳಗಿಂದ ಗೈಲ್ಸ್‌ನ ದನಿ.

ಹಂಫ್ರಿ ಓಡಿಬಂದು ನಮ್ಮ ಬಾಗಿಲು ಬಡಿದ. ಹಾರೆ ತಗೊಂಡು ಹೋದೆವು. ಉರ್ಸುಲಾಳೂ ಬಂದಳು. ಗೋಡೆ ಒಡೆದಾಗ ಒಳಗೆ ಮೂಳೆ, ಕೈಯೆಲುಬಿನಲ್ಲಿ ಕರಣೆ. ಅಟ್ಟದ ಬಾಗಿಲಿಗೆ ಮೇಲಿನಿಂದ ಮೊಳೆ ಜಡಿದಿತ್ತು. ಗುಟ್ಟು ಬಲ್ಲ ಇಬ್ಬರಲ್ಲಿ ಒಬ್ಬನ ಬಾಯಿ ಮುಚ್ಚಿಸಲು ದೊರೆ ಬಳಸಿದ್ದು ಇನ್ನೊಬ್ಬನ ಕೈಯನ್ನೇ.

ಉರ್ಸುಲಾ ಅಳಲಿಲ್ಲ. "ಅಣ್ಣಾ, ಅವತ್ತು ಅವನು ಎಷ್ಟು ಸಲ ತಟ್ಟಿದ?" ಎಂದಳು.

ಹಂಫ್ರಿ ಆ ಕರಣೆಯನ್ನು ಎತ್ತಿಕೊಂಡ. ಇವತ್ತಿಗೂ ಬಿಟ್ಟಿಲ್ಲ.

ಆ ಕರಣೆಯ ಮೇಲಿನ ಗಾರೆ ಇನ್ನೂ ಹಸಿಯಾಗಿತ್ತು. ಸುಳ್ಳಲ್ಲ... ದೀಪ ಹಿಡಿದು ಮುಟ್ಟಿ ನೋಡಿದವನು ನಾನೇ.